ಗುಂಪೆ ಗುಡ್ಡೆಗೆ ರಸ್ತೆ ಬೇಡ, ಓರೆಕಣಿ ಸಾಕು

ಕಾಸರಗೋಡು ಜಿಲ್ಲಾಧಿಕಾರಿಗಳಿಗೆ,

ಮಾನ್ಯರೆ,

ಜಿಲ್ಲಾ ಪ್ರವಾಸೋದ್ಯಮ ಮಂಡಳಿಯ ಅಧ್ಯಕ್ಷರೂ ತಾವೇ ಆದ್ದರಿಂದ ಈ ಪತ್ರ ತಮಗೆ. ಕನ್ನಡದಲ್ಲೇ ಬರೆದಿದ್ದೇವೆ. ಹಾಗೆ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ ಭಾಷಾ ಕಾನೂನು ಇಲ್ಲಿನ ಕನ್ನಡಿಗರಾದ ನಮಗೆ ಕೊಟ್ಟಿದೆ.

ಧರ್ಮತ್ತಡ್ಕದ ಪೊಸಡಿ ಗುಂಪೆ ಸಾವಿರ ಅಡಿ ದಾಟಿದ ಗುಡ್ಡ. ಮಳೆ ಬಿಟ್ಟ ಮರುದಿನ ಬೆಳಗ್ಗೆ ಮೇಲೆ ನಿಂತರೆ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕುದುರೆಮುಖದ ಸಾಲು, ನಡುವೆ ಮಂಗಳೂರು. ಇಂಥ ಜಾಗಕ್ಕೆ 'ಅಭಿವೃದ್ಧಿ' ಎಂದಾಗಲೆಲ್ಲ ತುದಿಯವರೆಗೆ ರಸ್ತೆ, ಪಾರ್ಕಿಂಗ್, ಕಾಂಕ್ರೀಟ್ ಮೆಟ್ಟಿಲು, ಕಬ್ಬಿಣದ ವೀಕ್ಷಣಾ ಗೋಪುರ ಎಂಬ ಪಟ್ಟಿಯೇ ಮೊದಲು ನೆನಪಾಗುತ್ತದೆ. ಅದರಲ್ಲಿ ಒಂದೂ ಈ ಗುಡ್ಡಕ್ಕೆ ಹೊಂದುವುದಿಲ್ಲ. ಬೇಕಾದದ್ದು ನಡೆಯಲು ಸರಿಯಾದ ಒಂದು ದಾರಿ, ಮಳೆನೀರನ್ನು ಅದರಿಂದ ಬದಿಗೆ ಹರಿಸುವ ಓರೆಕಣಿ, ಅಷ್ಟೇ.

ಮೊದಲು ಕಲ್ಲಿನ ವಿಚಾರ. ನಮ್ಮ ಪದವುಗಳ, ಅಂದರೆ ಚಪ್ಪಟೆ ತಲೆಯ ಬೋಳು ಗುಡ್ಡಗಳ, ಮೇಲ್ಮೈ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ). ಕೆಳಗೆ ಹೋದಷ್ಟೂ ಕಲ್ಲು ಮೆದು, ಅದರಡಿ ಬಿಳಿಚು ಶೇಡಿ ಮಣ್ಣು. ಗಟ್ಟಿ ಚಿಪ್ಪು ಇರುವಷ್ಟು ದಿನ ಜೂನ್-ಜುಲೈ ಮಳೆಗೂ ಗುಡ್ಡ ಜಗ್ಗುವುದಿಲ್ಲ. ಜೆಸಿಬಿ ತಂದು ಆ ಚಿಪ್ಪನ್ನು ಒಂದು ಕಡೆ ಸೀಳಿದರೆ ನೀರು ಶೇಡಿಗೆ ಇಳಿದು ಒಳಗಿಂದಲೇ ಕೊರೆಯುತ್ತದೆ. ರಸ್ತೆ ಮಾಡಿದ ವರ್ಷ ಏನೂ ಕಾಣದು. ಎರಡು-ಮೂರು ಮಳೆಗಾಲ ಕಳೆದ ಮೇಲೆ ಬರೆ, ಅಂದರೆ ಕಡಿದ ಗುಡ್ಡದ ಬದಿ, ಕುಸಿಯುತ್ತದೆ.

ಬೈಕು, ಜೀಪು ಮಾಡುವ ಹಾಳು ಇನ್ನೂ ಸದ್ದಿಲ್ಲದ್ದು. ಚಕ್ರ ಎರಡು ಸಲ ಹತ್ತಿಳಿದರೆ ಮುಳಿಹುಲ್ಲಿನ ಬುಡ ಕಿತ್ತು ಗೆರೆ ಬೀಳುತ್ತದೆ. ಮಳೆನೀರು ಹರಿಯಲು ಅದೇ ದಾರಿ ಹಿಡಿಯುತ್ತದೆ, ಗೆರೆ ಕಣಿಯಾಗುತ್ತದೆ, ಕಣಿ ತೋಡಾಗುತ್ತದೆ. ಪದವಿನ ಮೇಲೆ ಮಳೆನೀರು ನಿಲ್ಲುವ ಪಳ್ಳಗಳನ್ನು ತಾವು ಒಮ್ಮೆ ಕೂತು ನೋಡಬೇಕು. ಗೇಣು ಆಳದ ನೀರು, ಅಂಚಿನ ಕೆಸರಿನಲ್ಲಿ ಕಾಕಪ್ಪೂ ಎಂಬ ನೀಲಿ ಹೂವಿನ ಪುಟ್ಟ ಗಿಡ. ಬೇರಿನಂತೆ ಕಾಣುವ ಎಳೆಗಳಲ್ಲಿ ಗಸಗಸೆ ಗಾತ್ರದ ಚೀಲಗಳಿವೆ, ಹುಳ ಹಿಡಿಯಲು. ಮಣ್ಣಿನಲ್ಲಿ ಸಾರವಿಲ್ಲದ್ದರಿಂದ ಗಿಡ ಕಂಡುಕೊಂಡ ಉಪಾಯ ಅದು. ಒಂದು ಟಯರು ಈ ಅಂಚನ್ನು ಒಡೆದರೆ ಪಳ್ಳದ ನೀರೆಲ್ಲ ಸೋರಿಹೋಗುತ್ತದೆ. ಗುಡ್ಡದ ತಲೆಯಲ್ಲಿ ನಿಂತು ಇಂಗುವ ನೀರೇ ಬುಡದಲ್ಲಿ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿದ ಸುರಂಗಗಳಿಗೆ ಬರುವುದು. ಆಳೊಬ್ಬ ನುಸುಳುವಷ್ಟೇ ಅಗಲ ಬಿಟ್ಟು ಪಿಕಾಸಿಯಲ್ಲಿ ಕೊರೆದ ಸುರಂಗಗಳನ್ನು ನಂಬಿಕೊಂಡೇ ಬಾಯಾರು, ಪಡ್ರೆ ಕಡೆ ಎಷ್ಟೋ ತೋಟಗಳು ನಿಂತಿವೆ. ಹಾಗಾಗಿ ವಾಹನ ಬುಡದಲ್ಲೇ ನಿಲ್ಲಲಿ. ಅಡ್ಡಕ್ಕೆ ಗೇಟು ಬೇಡ, ಆಳೆತ್ತರದ ಮುರಕಲ್ಲಿನ ಕಂಬಗಳನ್ನು ಎರಡಡಿ ಅಂತರದಲ್ಲಿ ನೆಟ್ಟರೆ ಜನ ದಾಟುತ್ತಾರೆ, ಜೀಪು ದಾಟುವುದಿಲ್ಲ. ಬೈಕಿನವನೂ ಹ್ಯಾಂಡಲ್ ತಾಗಿ ನಿಲ್ಲುತ್ತಾನೆ.

ಇನ್ನು ದಾರಿ. ಕಾಂಕ್ರೀಟ್ ಮೆಟ್ಟಿಲು ಆಷಾಢದಲ್ಲಿ ಪಾಚಿ ಹಿಡಿದು ಗಾಜಿನಂತಾಗುತ್ತದೆ. ಸಾಲದ್ದಕ್ಕೆ ನೀರು ಮೆಟ್ಟಿಲ ಬದಿ ಹಿಡಿದು ಓಡಿ ಅಡಿಪಾಯ ತಿನ್ನುತ್ತದೆ. ಬದಲಿಗೆ ಈಗಿನ ಕಾಲುದಾರಿಗೇ ಓರೆಕಣಿ ಹಾಕಿಸಿ. ಅಡಕೆ ತೋಟದಲ್ಲಿ ಕೆಲಸ ಮಾಡಿದವರಿಗೆ ಇದನ್ನು ಕಲಿಸಬೇಕಾಗಿಲ್ಲ. ದಾರಿಗೆ ಅಡ್ಡಲಾಗಿ, ಆದರೆ ನೇರವಾಗಿ ಅಲ್ಲ, ಇಳಿಜಾರಿನ ಕಡೆಗೆ ಓರೆಯಾಗಿ ಮುರಕಲ್ಲಿನ ಸಾಲು ಹೂಳಬೇಕು. ಕಲ್ಲಿನ ಮುಕ್ಕಾಲು ಪಾಲು ಮಣ್ಣೊಳಗೆ, ಮೇಲೆ ಮೂರು-ನಾಲ್ಕು ಇಂಚು. ಹತ್ತಡಿಗೆ ಒಂದಡಿ ಏರುವ ಕಡೆ ಐವತ್ತು-ಅರುವತ್ತು ಅಡಿಗೊಂದು ಸಾಕು. ಐದಡಿಗೆ ಒಂದಡಿ ಏರುವಲ್ಲಿ ಇಪ್ಪತ್ತೈದು ಅಡಿಗೊಂದು ಬೇಕು. ಕೆಲಸ ಕೆಡುವುದು ಸಾಮಾನ್ಯವಾಗಿ ಕಣಿಯ ಬಾಯಿಯಲ್ಲಿ: ಕಣಿಯನ್ನು ದಾರಿಯ ಅಂಚಿಗೇ ನಿಲ್ಲಿಸಿದರೆ ನೀರು ಕಲ್ಲಿನ ತುದಿ ಸುತ್ತಿ ಮತ್ತೆ ದಾರಿಗೇ ಇಳಿಯುತ್ತದೆ. ಒಂದೆರಡು ಅಡಿ ಆಚೆಗೆ ಹುಲ್ಲಿನೊಳಕ್ಕೆ ಒಯ್ದು ಬಿಡಬೇಕು, ಬಿಟ್ಟಲ್ಲಿ ಜಲ್ಲಿ ಹರಡಬೇಕು. ಮೇ ಕೊನೆಗೊಮ್ಮೆ, ನಡುಮಳೆಯ ಆಟಿ ತಿಂಗಳಲ್ಲೊಮ್ಮೆ ಹೂಳು ತೆಗೆಯದಿದ್ದರೆ ಇದೆಲ್ಲ ವ್ಯರ್ಥ. ಟೆಂಡರಿನಲ್ಲಿ ಕಟ್ಟುವ ಹಣವಿರುತ್ತದೆ, ಹೂಳು ತೆಗೆಯುವ ಹಣವಿರುವುದಿಲ್ಲ. ಈ ಸಲ ಅದನ್ನೂ ಬರೆಸಿ.

ಗೋಪುರದ ವಿಷಯದಲ್ಲಿ ನಮ್ಮದು ಖಡಾಖಂಡಿತ ವಿರೋಧ. ಏಪ್ರಿಲ್-ಮೇ ತಿಂಗಳಲ್ಲೂ ಅಕ್ಟೋಬರ್-ನವೆಂಬರಿನ ತುಲಾ ಮಳೆಯ ಕಾಲದಲ್ಲೂ ಮಧ್ಯಾಹ್ನದ ಮೇಲೆ ಸಿಡಿಲು ತಪ್ಪಿದ್ದಲ್ಲ. ಮರವಿಲ್ಲದ ಬೋಳು ತಲೆಯ ಮೇಲೆ ಕಬ್ಬಿಣ ನಿಲ್ಲಿಸಿ ಅದರೊಳಗೆ ಮಕ್ಕಳನ್ನು ಹತ್ತಿಸುವುದು ಯಾವ ಲೆಕ್ಕ? ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದರ್ಥ, ಕೂಡಲೇ ಇಳಿಯಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮತ್ತೆ ಹತ್ತಬಾರದು. ಆ ತಿಂಗಳುಗಳಲ್ಲಿ ಮಧ್ಯಾಹ್ನ ಎರಡು ಗಂಟೆಯ ಮೇಲೆ ಯಾರನ್ನೂ ಬಿಡದಿರುವುದು ಒಳ್ಳೆಯದು.

ಇದನ್ನೆಲ್ಲ ಬುಡದ ಫಲಕದಲ್ಲಿ ಬರೆಸಿ, ಕನ್ನಡದಲ್ಲೂ ಮಲಯಾಳದಲ್ಲೂ: ಹತ್ತಲು ಬೇಕಾಗುವ ಹೊತ್ತು, ಸಿಡಿಲಿನ ಎಚ್ಚರಿಕೆ, ಮೇಲೆ ಕುಡಿಯುವ ನೀರಿಲ್ಲ, ತಲೆಗೆರಡು ಲೀಟರ್ ಒಯ್ಯಿರಿ, ಕೊನೆಯ ಬಸ್ಸು ಎಷ್ಟಕ್ಕೆ. ಕನ್ನಡವನ್ನು ಕಂಪ್ಯೂಟರಿಗೆ ಅನುವಾದಿಸಲು ಬಿಡದೆ ಯಾವುದಾದರೂ ಶಾಲೆಯ ಕನ್ನಡ ಮೇಷ್ಟ್ರಿಂದ ತಿದ್ದಿಸಿ. ಗೋವಿಂದ ಪೈಗಳ ಮಂಜೇಶ್ವರದ ತಾಲೂಕಿನಲ್ಲಿ ಒತ್ತಕ್ಷರ ತಪ್ಪಿದ ಫಲಕ ಕಣ್ಣಿಗೆ ಚುಚ್ಚುತ್ತದೆ.

ಬೇಸಗೆಯ ಮಾತು ಬೇರೆ. ಡಿಸೆಂಬರಿಗೆ ಮುಳಿ ಒಣಗಿ ಕಡ್ಡಿ ಗೀರಿದರೆ ಹತ್ತುತ್ತದೆ. ಅದಕ್ಕೆ ಮೊದಲು ದಾರಿಯ ಎರಡೂ ಬದಿ ಹತ್ತಡಿ ಹುಲ್ಲು ಕೊಯ್ಸಿ, ಡೇರೆ ಹಾಕಿ ಅಡುಗೆ ಮಾಡುವುದನ್ನು ನಿಲ್ಲಿಸಿ. ಕೊಯ್ದ ಮುಳಿಯನ್ನು ಊರವರು ಹಟ್ಟಿಗೆ ಒಯ್ಯುತ್ತಾರೆ, ಸಾಗಿಸುವ ಖರ್ಚೂ ಇಲ್ಲ.

ಓರೆಕಣಿಯ ಕೆಲಸ ಮೇ ಹದಿನೈದರೊಳಗೆ ಮುಗಿಯಬೇಕು, ಆಮೇಲೆ ತೋಡಿದ ಮಣ್ಣು ಕೂರುವ ಮೊದಲೇ ಮಳೆ ಹಿಡಿಯುತ್ತದೆ. ನೀರು ಎಲ್ಲಿ ದಾರಿಗೆ ನುಗ್ಗುತ್ತದೆಂದು ಒಂದೊಂದಾಗಿ ತೋರಿಸಲು ನಾವು ಸಿದ್ಧ. ಬೆಳಗ್ಗೆ ಆರೂವರೆಗೆ ಬುಡದಲ್ಲಿ ಸಿಗೋಣ. ಇಂಜಿನಿಯರರನ್ನೂ ಕರೆತನ್ನಿ, ಸವೆದ ಅಟ್ಟೆಯ ಚಪ್ಪಲಿ ಮಾತ್ರ ಬೇಡ.

ಇತಿ,
ಗುಂಪೆ ಹತ್ತುವ ಕೆಲವರು