ಮಕ್ಕಳು ಬರೆದ ಪುಸ್ತಕಕ್ಕೂ ಅಂಕ ಕೊಡಿ

ಮಾನ್ಯರೇ,

ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಶಾಲೆಯಲ್ಲಿ ಕನ್ನಡವನ್ನು ಪ್ರಥಮ ಭಾಷೆ ಎಂದೇ ಕಲಿಸಿದರೂ ಈ ಮಕ್ಕಳ ಪಾಲಿಗೆ ಅದು ಎರಡನೆಯದು. ಓದು ಹಿಂದೆ ಬಿದ್ದಿದೆಯೆಂದು ಕಾಪಿ ಬರೆಸುತ್ತೇವೆ. ಬೋರ್ಡಿನ ಮೇಲಿದ್ದುದನ್ನು ದುಂಡಗೆ ಇಳಿಸಿಕೊಂಡ ಮಗುವನ್ನು ಒಂದು ಸಾಲಿನ ಅರ್ಥ ಕೇಳಿದರೆ ಬಾಯಿ ಬಿಡುವುದಿಲ್ಲ. ತಾನೇ ಚಿತ್ರ ಬಿಡಿಸಿ ಹೇಳಿದ ಕತೆಯನ್ನು ಓದಲು ಕೊಟ್ಟರೆ ಈ ತೊಡಕಿಲ್ಲ. ಅದರಲ್ಲಿ ಏನಿದೆಯೆಂದು ಮಗುವಿಗೆ ಮೊದಲೇ ಗೊತ್ತು.

ಅಂಥ ಕತೆಪುಸ್ತಕಕ್ಕೆ ಬೇಕಾದುದು ಮಗುವಿಗೊಂದು ಎ4 ಹಾಳೆ, ಪೆನ್ಸಿಲ್, ಕ್ರೆಯಾನ್. ಹಾಳೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಎರಡು ಸಲ ಮಡಿಸಿ ಬಿಚ್ಚಿದರೆ 8 ಮನೆ ಬೀಳುತ್ತವೆ. ಉದ್ದನೆಯ ಮಡಿಕೆಯ ಮೇಲೆ ನಡುವಿನ ಎರಡು ಮನೆಯಷ್ಟು ಮಾತ್ರ ಕತ್ತರಿಸಬೇಕು. ಅಂಚಿನವರೆಗೆ ಹೋದರೆ ಹಾಳೆ ಎರಡು ತುಂಡಾಗುತ್ತದೆ. ಮತ್ತೆ ಉದ್ದಕ್ಕೆ ಮಡಿಸಿ ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ಪಿನ್ನು, ಗೋಂದು ಇಲ್ಲದೆ ಪುಸ್ತಕ ಸಿದ್ಧ. ಹೊದಿಕೆಯ ಎರಡು ಪುಟ ಬಿಟ್ಟರೆ ಕತೆಗೆ 6 ಪುಟ. ಪುಸ್ತಕ ಮಡಿಸಿ ಪುಟಸಂಖ್ಯೆ ಹಾಕಿದ ಮೇಲೆಯೇ ಚಿತ್ರ ಶುರುವಾಗಲಿ. ಬಿಚ್ಚಿದ ಹಾಳೆಯ ಮೇಲೆ ಬಿಡಿಸಿದರೆ ನಾಲ್ಕು ಪುಟ ತಲೆಕೆಳಗಾಗುತ್ತವೆ.

‘ಇಷ್ಟ ಬಂದ ಚಿತ್ರ ಬಿಡಿಸಿ’ ಎಂದರೆ ತರಗತಿಯ ತುಂಬ ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ. ಅದರಿಂದ ಮಾತು ಹೊರಡುವುದಿಲ್ಲ. ಮನೆಯಲ್ಲಿ ಕಣ್ಣಾರೆ ಕಂಡ ಕೆಲಸವನ್ನು ಕೇಳಬೇಕು. ರೇಷ್ಮೆಹುಳು ಸಾಕುವ ಮನೆಯ ಮಗುವಿಗೆ ಆರು ಪುಟವೂ ತಾನಾಗಿ ತುಂಬುತ್ತದೆ: ಚಾಕಿ (ಮರಿ) ಹುಳು ಬಂತು, ಸೊಪ್ಪು ಹಾಕಿದೆವು, ಹುಳು ಜ್ವರಕ್ಕೆ (ಪೊರೆ ಬಿಡಲು) ಕೂತಿತು, ಹಣ್ಣಾಯಿತು (ಗೂಡು ಕಟ್ಟಲು ಸಿದ್ಧವಾಯಿತು), ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಟ್ಟೆವು, ಗೂಡು ಬಿಡಿಸಿದೆವು. ಟೊಮೆಟೊ ಕಿತ್ತು ಮಂಡಿಗೆ ಕಳಿಸುವ ಮನೆಯಲ್ಲೂ ಹೀಗೆಯೇ.

ಚಿತ್ರ ತೋರಿಸುತ್ತ ಮಗು ತೆಲುಗಿನಲ್ಲೋ ಬೆರಕೆ ಮಾತಿನಲ್ಲೋ ಹೇಳಲಿ. ಶಿಕ್ಷಕರು ಪುಟಕ್ಕೆ ಒಂದೇ ವಾಕ್ಯ, ನಾಲ್ಕೈದು ಪದ ಮೀರದಂತೆ, ಕನ್ನಡದಲ್ಲಿ ಬರೆದುಕೊಡಬೇಕು. ನಾವು ಹೆಚ್ಚಾಗಿ ಎಡವುವುದು ಇಲ್ಲೇ. ‘ಹುಳು ಸೊಪ್ಪು ತಿಂತು’ ಎಂಬುದನ್ನು ‘ರೇಷ್ಮೆಹುಳುಗಳು ಹಿಪ್ಪುನೇರಳೆ ಎಲೆಗಳನ್ನು ಸೇವಿಸಿದವು’ ಎಂದು ಚಂದ ಮಾಡಿದರೆ ಅದು ಮಗುವಿನ ಮಾತಲ್ಲ, ಓದಲೂ ಬರುವುದಿಲ್ಲ. ಮಕ್ಕಳು ಹೆಚ್ಚಿದ್ದರೆ ದಿನಕ್ಕೆ ಆರೇಳು ಮಂದಿಯ ಸರದಿ ಸಾಕು.

ಇನ್ನೊಂದು ತೊಂದರೆ: ಮಗು ಅಕ್ಷರ ನೋಡದೆ ಚಿತ್ರ ನೋಡಿ ಬಾಯಿಪಾಠ ಒಪ್ಪಿಸಿಬಿಡುತ್ತದೆ. ಮರುದಿನ ಅದೇ ವಾಕ್ಯಗಳನ್ನು ಕಾಗದದ ಪಟ್ಟಿಯ ಮೇಲೆ ಬರೆದು, ಪದಪದವಾಗಿ ಕತ್ತರಿಸಿ, ಕಲೆಸಿ, ಮತ್ತೆ ಜೋಡಿಸಲು ಕೊಡಿ. ಅಕ್ಷರ ನೋಡದೆ ಆಗ ವಿಧಿಯಿಲ್ಲ. ಅವೇ ಪದಗಳಿಂದ ಹೊಸ ವಾಕ್ಯ ಬರೆಸುವುದು ಅದರ ಮುಂದಿನ ದಿನ.

ಸ್ವಂತವಾಗಿ ಬರೆದಾಗ ತಪ್ಪುಗಳು ಬಂದೇ ಬರುತ್ತವೆ. ತೆಲುಗಿನಲ್ಲಿ ಅಕ್ಕನಿಗೂ ಹಸುವಿಗೂ ಕ್ರಿಯಾಪದ ಒಂದೇ ರೂಪದಲ್ಲಿರುವುದರಿಂದ ‘ಅಕ್ಕ ಬಂತು’ ಎಂದು ಬರೆಯುತ್ತಾರೆ. ಹಾಲು, ನೀರು ಅಲ್ಲಿ ಬಹುವಚನ. ಹಾಗಾಗಿ ‘ಹಾಲು ಇವೆ’. ಇದು ಅಸಡ್ಡೆಯಲ್ಲ, ಮನೆಮಾತಿನ ವ್ಯಾಕರಣ. ಒಂದು ಪುಸ್ತಕದಲ್ಲಿ ಒಂದೇ ಬಗೆಯ ತಪ್ಪನ್ನು ಹಿಡಿದು, ಸರಿಯಾದ ರೂಪವನ್ನು ಹೇಳಿಸಿ, ಮಗುವಿನ ಕೈಯಲ್ಲೇ ತಿದ್ದಿಸಿದರೆ ಸಾಕು. ಪುಟವೆಲ್ಲ ಕೆಂಪಾದರೆ ಮುಂದಿನ ಸಲ ಆ ಮಗು ಎರಡು ಪದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಶಿಕ್ಷಣ ಇಲಾಖೆಯಲ್ಲಿ ನಮ್ಮ ಕೋರಿಕೆ ಇಷ್ಟೇ. ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ಅಂಕ ಕೊಡುವ ಪರೀಕ್ಷೆಯ) ಚಟುವಟಿಕೆಯೆಂದು ಅಂಗಡಿಯ ಚಾರ್ಟ್ ಅಂಟಿಸಿ ತರಿಸುವ ಬದಲು ಈ ಪುಸ್ತಕಗಳಿಗೆ ಅಂಕ ಕೊಡಲು ಸ್ಪಷ್ಟ ಸೂಚನೆ ಬರಲಿ. ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಶಾಲೆಗೆ ಬಂದಾಗ ಕಾಪಿ ಪುಸ್ತಕದ ಜೊತೆಗೆ ಇವನ್ನೂ ಮಕ್ಕಳಿಂದ ಓದಿಸಿ ನೋಡಲಿ. ಒಂದು ರೀಮ್ ಕಾಗದದಲ್ಲಿ 500 ಪುಸ್ತಕ ಆಗುತ್ತವೆ; ಅಷ್ಟನ್ನು ಶಾಲಾ ಅನುದಾನದಲ್ಲಿ ಇದಕ್ಕೆಂದೇ ತೆಗೆದಿರಿಸಲು ಅವಕಾಶ ಮಾಡಿಕೊಡಲಿ.

– ಪ್ರಾಥಮಿಕ ಶಾಲಾ ಭಾಷಾ ಶಿಕ್ಷಕರು, ಮುಳಬಾಗಿಲು, ಕೋಲಾರ ಜಿಲ್ಲೆ