ಅಂಗಳದ ಮಣ್ಣು ಮುಚ್ಚುವ ಮುನ್ನ ಒಂದು ಮಳೆಗಾಲ ಕಾಯಿರಿ

ಮಾನ್ಯ ಸಂಪಾದಕರೇ,

ಜೂನ್ 5ರ ವಿಶ್ವ ಪರಿಸರ ದಿನ ಮತ್ತು ಜುಲೈ ಮೊದಲ ವಾರದ ವನಮಹೋತ್ಸವ ಹತ್ತಿರವಾಗುತ್ತಿವೆ. ಈ ಹೊತ್ತಿನಲ್ಲಿ ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುತ್ತಿರುವವರಿಗೂ, ನಮ್ಮಂತೆ ನೌಕರಿಯ ನಿಮಿತ್ತ ಬೇರೆ ಜಿಲ್ಲೆಗಳಿಂದ ಬಂದು ಇಲ್ಲಿ ನೆಲೆಸಿದವರಿಗೂ ಒಂದು ವಿನಂತಿ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಮನೆಯ ಸುತ್ತಲಿನ ಜಾಗಕ್ಕೆ ಸಿಮೆಂಟ್ ಹಾಕಿಸುವ ಮುನ್ನ, ಕಲ್ಲು ಹಾಸಿಸುವ ಮುನ್ನ ಅಥವಾ ಹೊರಗಿನಿಂದ ಹುಲ್ಲುಹಾಸು ತರಿಸುವ ಮುನ್ನ, ಆ ಮಣ್ಣನ್ನು ಒಂದು ಮಳೆಗಾಲದ ಮಟ್ಟಿಗಾದರೂ ಹಾಗೆಯೇ ಬಿಟ್ಟು, ಅಲ್ಲಿ ಏನು ಚಿಗುರುತ್ತದೆ, ಯಾವ ಜೀವಿ ಬಂದು ಹೋಗುತ್ತದೆ ಎಂಬುದನ್ನು ದಯವಿಟ್ಟು ನೋಡಿ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು. ಪತಿಗೆ ಇಲ್ಲಿಗೆ ವರ್ಗವಾದಾಗ ಸೇಡಂ ರಸ್ತೆಯ ಕಡೆ ಹಳೆಯದೊಂದು ಮನೆಯನ್ನು ಬಾಡಿಗೆಗೆ ಹಿಡಿದೆವು. ಹೊರಡುವಾಗ ಊರಿನವರೆಲ್ಲ ಹೇಳಿದ್ದು ಬಿಸಿಲಿನ ಮಾತೊಂದನ್ನೇ. ಅದು ಸುಳ್ಳೇನಲ್ಲ, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಊರು ಇದು, ವರ್ಷಕ್ಕೆ ಬೀಳುವ ಮಳೆ 700–800 ಮಿಲಿಮೀಟರ್ ಆಸುಪಾಸು. ಆದರೆ ಬಿಸಿಲಿನ ಊರಿನಲ್ಲಿ ಬಿಸಿಲೊಂದೇ ಇರುತ್ತದೆ ಎಂಬ ಗ್ರಹಿಕೆಯಿಂದಲೇ, ಬಂದವರು ಬಂದ ಕೂಡಲೇ ಹಿತ್ತಿಲನ್ನು ಸವರಿ ತಮ್ಮ ತಮ್ಮ ಊರಿನ ಗಿಡಗಳನ್ನು ಕುಂಡದಲ್ಲಿ ತಂದಿಡುವುದನ್ನು ನಾನು ಸುತ್ತಮುತ್ತ ಕಾಣುತ್ತಿದ್ದೇನೆ. ನಮ್ಮ ಬಾಡಿಗೆ ಮನೆಯ ಹಿಂದೆ ಒಂದು ಬೇವು, ಒಂದು ನುಗ್ಗೆ, ಬಚ್ಚಲ ನೀರು ಹರಿಯುವ ಕಡೆ ಕರಿಬೇವು ಮತ್ತು ನಿಂಬೆ, ಮೂಲೆಯಲ್ಲಿ ಬಾರಿಯ (ಬೋರೆಹಣ್ಣಿನ) ಗಿಡ, ಕಾಂಪೌಂಡಿಗೆ ಒತ್ತಿಕೊಂಡು ಎಕ್ಕೆ ಇದ್ದವು. ಅದರಾಚೆಗೆ ಯಾರೂ ಕಟ್ಟದ ಒಂದು ಖಾಲಿ ನಿವೇಶನ. ನೆಲ ಪೂರ್ತಿ ಕಪ್ಪು ಎರೆಮಣ್ಣು. ಏಪ್ರಿಲ್ ಹೊತ್ತಿಗೆ ಅದು ಬಿರುಕು ಬಿಟ್ಟು, ಬಿರುಕಿನೊಳಗೆ ಬೆರಳುಗಳನ್ನು ಇಳಿಸಬಹುದಾದಷ್ಟು ಬಾಯಿ ತೆರೆದಿರುತ್ತದೆ. ಮಳೆ ಬಿದ್ದಾಗ ಉಬ್ಬಿ, ಒಣಗಿದಾಗ ಕುಗ್ಗುವುದು ಈ ಮಣ್ಣಿನ ಗುಣ. ಹಾವುರಾಣಿ, ಚೇಳು, ನೆಲಗಪ್ಪೆ ಇವೆಲ್ಲವೂ ಬೇಸಿಗೆಯ ಹಗಲನ್ನು ಕಳೆಯುವುದು ಇಂತಹ ಬಿರುಕುಗಳ ತಂಪಿನಲ್ಲಿಯೇ.

ಮೃಗಶಿರ ಮಳೆಯ ಹೊತ್ತಿಗೆ ಈ ನೆಲದಲ್ಲಿ ಆಗುವುದನ್ನು ಕಂಡವರು ಅದನ್ನು ಬರಡು ಎನ್ನಲಾರರು. ಮೊದಲ ಹದವಾದ ಮಳೆ ಬಿದ್ದ ಮರುದಿನ ಬೆಳಿಗ್ಗೆ, ನೆಲ ಇನ್ನೂ ಮೆತ್ತಗಿರುವಾಗ, ಮಿರಗದ ಹುಳಗಳು ಹೊರಬಂದಿದ್ದವು. ಮಖಮಲ್ಲಿನ ತುಣುಕಿನಂತೆ ಕಡುಗೆಂಪಗೆ, ಮೈತುಂಬ ಒತ್ತಾದ ರೋಮ ಹೊತ್ತು, ಅವಸರವಿಲ್ಲದೆ ನಡೆಯುವ ಈ ಜೀವಿಯನ್ನು ನಾನು ಸಾಗರದಲ್ಲಿ ಕಂಡಿರಲಿಲ್ಲ. ಹತ್ತಿರದಿಂದ ನೋಡಿದರೆ ಅದಕ್ಕೆ ಎಂಟು ಕಾಲು. ಅಂದರೆ ಅದು ಕೀಟವಲ್ಲ, ಜೇಡ ಮತ್ತು ಉಣ್ಣಿಗಳ ಬಳಗಕ್ಕೆ ಸೇರಿದ್ದು. ಮುಟ್ಟಿದರೆ ಕಾಲುಗಳನ್ನು ಒಳಗೆಳೆದುಕೊಂಡು ಕದಲದೆ ಕೂರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಡೆಯತೊಡಗುತ್ತದೆ. ವರ್ಷದ ಬಹುಭಾಗವನ್ನು ಮಣ್ಣಿನೊಳಗೇ ಕಳೆಯುವ ಇದು, ಮಳೆ ಬಿದ್ದಾಗ ಕೆಲವೇ ದಿನಗಳ ಮಟ್ಟಿಗೆ ಮೇಲೆ ಬಂದು, ಗೆದ್ದಲು ಮತ್ತು ಸಣ್ಣ ಕೀಟಗಳ ಮೊಟ್ಟೆಗಳನ್ನು ತಿಂದು, ಜೊತೆಗೂಡಿ, ಮತ್ತೆ ಮಣ್ಣಿಗಿಳಿಯುತ್ತದೆ. ಮಣ್ಣಿನ ಮೇಲೆ ಒಂದು ಪದರ ಕಾಂಕ್ರೀಟ್ ಬಿದ್ದರೆ ಅದಕ್ಕೆ ಮೇಲೆ ಬರುವ ದಾರಿಯೂ ಇಲ್ಲ, ಕೆಳಗೆ ಹೋಗುವ ದಾರಿಯೂ ಇಲ್ಲ. ಓಣಿಯ ಹಿರಿಯರು ತಮ್ಮ ಚಿಕ್ಕಂದಿನಲ್ಲಿ ಇವನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದುದನ್ನು ನೆನೆಯುತ್ತಾರೆ. ಅವರ ಮೊಮ್ಮಕ್ಕಳಲ್ಲಿ ಹಲವರಿಗೆ ನಮ್ಮ ಹಿತ್ತಿಲಿಗೆ ಬಂದ ಮೇಲೆಯೇ ಇದರ ಪರಿಚಯವಾಯಿತು.

ಅದೇ ರಾತ್ರಿ ಪಕ್ಕದ ನಿವೇಶನದಲ್ಲಿ ನಿಂತ ನೀರಿನಲ್ಲಿ ಗೂಳಿಗಪ್ಪೆಗಳು ಸೇರಿದ್ದವು. ಉಳಿದ ದಿನಗಳಲ್ಲಿ ಹಸಿರುಗಂದು ಬಣ್ಣದಲ್ಲಿರುವ ಗಂಡು ಕಪ್ಪೆಗಳು ಕೂಡುವ ಕಾಲಕ್ಕೆ ಅಚ್ಚ ಹಳದಿಗೆ ತಿರುಗುತ್ತವೆ. ತಿಂಗಳುಗಟ್ಟಲೆ ನೆಲದಡಿಯಲ್ಲಿ ನೀರಿಲ್ಲದೆ ಕಾದಿದ್ದ ಜೀವ ಒಂದೇ ರಾತ್ರಿಯ ಮಳೆಗೆ ಎದ್ದು ಬರುವುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಈಗ ಆ ನಿವೇಶನಕ್ಕೆ ಮುರಂ ತುಂಬಿಸಿದ್ದಾರೆ. ಮಾಲೀಕರ ಜಾಗ, ಮನೆ ಕಟ್ಟಿಸುವುದು ಅವರ ಹಕ್ಕು. ಆದರೂ ಕಟ್ಟಿದ ಮೇಲೆ ಹಿಂಬದಿಯಲ್ಲಿ ಒಂದಿಷ್ಟು ನೆಲವನ್ನು ತೆರೆದಿಡಿ ಎಂದು ಅವರಲ್ಲಿ ಕೇಳಿಕೊಂಡಿದ್ದೇನೆ.

ಇನ್ನು ಕರಿಬೇವು ಮತ್ತು ನಿಂಬೆಯ ವಿಷಯ. ಈ ಎರಡು ಗಿಡಗಳಿಲ್ಲದ ಮನೆ ಇಲ್ಲಿ ಕಡಿಮೆ, ಅವುಗಳ ಎಲೆಗೆ ಹುಳ ಬಿದ್ದಿದೆ ಎಂದು ಔಷಧಿ ಹೊಡೆಯದ ಮನೆಯೂ ಕಡಿಮೆ. ಆ ಹುಳ ನಿಂಬೆ ಚಿಟ್ಟೆಯ ಮರಿ. ತಾಯಿ ಚಿಟ್ಟೆ ಎಳೆಯ ಚಿಗುರಿನ ಮೇಲೆ ಒಂದೊಂದಾಗಿ ತಿಳಿಹಳದಿ ಮೊಟ್ಟೆಗಳನ್ನಿಡುತ್ತದೆ. ಒಡೆದು ಬಂದ ಮರಿ ಕಪ್ಪುಬಿಳಿ ಬಣ್ಣದಲ್ಲಿ ಥೇಟು ಹಕ್ಕಿಯ ಹಿಕ್ಕೆಯ ಹಾಗೆಯೇ ಕಾಣುವುದರಿಂದ ಹಕ್ಕಿಗಳು ಅದರ ಕಡೆ ಗಮನ ಕೊಡುವುದಿಲ್ಲ. ಕೊನೆಯ ಸಲ ಪೊರೆ ಕಳಚಿದ ಮೇಲೆ ಅದು ಎಲೆಯ ಹಸಿರಿಗೆ ತಿರುಗುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ತಲೆಯ ಹಿಂಬದಿಯಿಂದ ಎರಡು ಕವಲಿನ ಕೆಂಬಣ್ಣದ ಕೊಂಬೊಂದನ್ನು ಹೊರಚಾಚುತ್ತದೆ; ಅದರಿಂದ ಮೂಗಿಗೆ ಬಡಿಯುವ ಘಾಟು ಹೊರಡುತ್ತದೆ. ಬಳಿಕ ಕಡ್ಡಿಯೊಂದಕ್ಕೆ ನೂಲಿನಿಂದ ಸೊಂಟ ಬಿಗಿದುಕೊಂಡು ಕೋಶವಾಗಿ, ಕಪ್ಪು ರೆಕ್ಕೆಯ ಮೇಲೆ ಕೆನೆಬಣ್ಣದ ಚುಕ್ಕೆಗಳಿರುವ ಚಿಟ್ಟೆಯಾಗಿ ಹಾರಿಹೋಗುತ್ತದೆ. ಒಗ್ಗರಣೆಗೆ ನಮಗೆ ಬೇಕಾದ ನಾಲ್ಕು ಎಸಳು ಅದು ತಿಂದ ಮೇಲೂ ಉಳಿದೇ ಇರುತ್ತವೆ, ಬೆಳೆದ ಗಿಡ ಬೇಗನೆ ಮತ್ತೆ ಚಿಗುರುತ್ತದೆ. ಗಿಡ ತೀರಾ ಎಳೆಯದಾಗಿದ್ದರೆ ಹುಳವನ್ನು ಎಲೆಸಮೇತ ದೊಡ್ಡ ಗಿಡಕ್ಕೆ ದಾಟಿಸಬಹುದು; ಇದೇ ಚಿಟ್ಟೆ ಬಿಲ್ವಪತ್ರೆಯ ಮೇಲೂ ಬೆಳೆಯುತ್ತದೆ. ಮನೆಯವರೇ ತಿನ್ನುವ ಸೊಪ್ಪಿನ ಮೇಲೆ ವಿಷ ಸಿಂಪಡಿಸುವುದರಲ್ಲಿ ಯಾವ ಜಾಣತನವಿದೆಯೋ ನನಗೆ ತಿಳಿಯದು. ಯಾರಿಗೂ ಬೇಡವಾದ ಎಕ್ಕೆಯ ಗಿಡವೂ ಹೀಗೆಯೇ ಇನ್ನೊಂದು ಚಿಟ್ಟೆಯ ತವರು. ಕಪ್ಪು, ಬಿಳಿ, ಹಳದಿ ಪಟ್ಟೆಗಳ ಅದರ ಹುಳ ಎಕ್ಕೆಯ ಹಾಲಿನ ವಿಷವನ್ನೇ ಮೈಗೂಡಿಸಿಕೊಂಡು ಹಕ್ಕಿಗಳಿಂದ ಪಾರಾಗುತ್ತದೆ.

ಹಿತ್ತಿಲಿನಲ್ಲಿ ತಾನಾಗಿ ಹುಟ್ಟಿದ್ದೆಲ್ಲ ಕಸವಲ್ಲ ಎಂಬುದನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಹಿರಿಯ ತಾಯಿಯೊಬ್ಬರು. ಚಳಿಗಾಲದಲ್ಲಿ ಒಂದು ದಿನ ನಾನು ಕಳೆ ತೆಗೆಯುವ ಕುರ್ಚಿಗೆ ಹಿಡಿದು ನೆಲ ಸ್ವಚ್ಛ ಮಾಡುತ್ತಿದ್ದಾಗ ಗೋಡೆಯಾಚೆಯಿಂದ, "ಅದನ್ನ ಕೀಳಬ್ಯಾಡ್ರಿ ಅಕ್ಕಾರ, ಅದು ಹತ್ತರಕಿ ಪಲ್ಯ, ರೊಟ್ಟಿ ಜೋಡಿ ಹಸೀದೇ ತಿಂತಾರ್ರಿ" ಎಂದರು. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮತ್ತು ಹತ್ತರಕಿ ಎಲೆಯ ಊಟ ಅಂದಿನಿಂದ ನಮ್ಮ ಮನೆಯಲ್ಲಿ ರೂಢಿಯಾಗಿದೆ. ಪುಂಡಿ, ಗೋಳಿ, ರಾಜಗಿರಿ ಎಂದು ಅವರು ಒಂದೊಂದು ಸೊಪ್ಪನ್ನೂ ತೋರಿಸಿಕೊಟ್ಟರು. ತುಂಬೆಯ ಬಿಳಿ ಹೂವಿಗೆ ಜೇನ್ನೊಣಗಳು ಬೆಳಿಗ್ಗೆಯೇ ಬರುವುದನ್ನೂ ತೋರಿಸಿದರು. ಕಿತ್ತು ಹಾಕಬೇಕಾದದ್ದು ಕಾಂಗ್ರೆಸ್ ಕಸವನ್ನು, ಅದೂ ಹೂವಾಗುವ ಮುನ್ನ, ಕೈಗವಸು ತೊಟ್ಟು. ಅದರ ಎಲೆಯ ಮೇಲೆ ಕಂದು ಗೆರೆಗಳ ಪುಟ್ಟ ಜೀರುಂಡೆಗಳು ಕಂಡರೆ ಮಾತ್ರ ಅವನ್ನು ಕೊಲ್ಲಬೇಡಿ. ಈ ಕಸವನ್ನು ಹತೋಟಿಗೆ ತರಲೆಂದೇ 1980ರ ದಶಕದಲ್ಲಿ ಮೆಕ್ಸಿಕೊದಿಂದ ತರಿಸಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಗಳ ಸಂತತಿ ಅದು.

ಹಕ್ಕಿಗಳ ಬಗ್ಗೆ ಬರೆಯಲು ಹೊರಟರೆ ಪತ್ರ ಮುಗಿಯದು. ಬೇವಿನ ಹಣ್ಣಿಗೆ ಬರುವ ಪಿಕಳಾರ, ಮೈನಾ, ಕೋಗಿಲೆಗಳು ಬೀಜ ಉದುರಿಸುವುದರಿಂದ ಕಾಂಪೌಂಡಿನ ಬುಡದಲ್ಲಿ ಪ್ರತಿ ಮಳೆಗಾಲ ಬೇವಿನ ಸಸಿಗಳು ತಾವಾಗಿಯೇ ಏಳುತ್ತವೆ. ಸಸಿಗಾಗಿ ಯಾರ ಮುಂದೆಯೂ ಕೈಚಾಚಬೇಕಿಲ್ಲ. ನುಗ್ಗೆಯ ಒಣಗಿದ ಕೊಂಬೆಯನ್ನು ಕಡಿಸದೆ ಬಿಟ್ಟಿದ್ದಕ್ಕೆ ಕಂಚುಕುಟಿಗ ಅದರ ಕೆಳಮೈಯಲ್ಲಿ ದುಂಡನೆಯ ತೂತು ಕೊರೆದು ಸಂಸಾರ ಹೂಡಿತು. ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬಟ್ಟೆ ಒಣಹಾಕುವ ತಂತಿಗೆ ಸೂರಕ್ಕಿ ಕಟ್ಟಿದ ಗೂಡು. ಕಟ್ಟಿದ್ದು ಹೆಣ್ಣು ಮಾತ್ರ. ಒಣಹುಲ್ಲು, ತೊಗಟೆಯ ಚೂರು, ಕಂಬಳಿಹುಳದ ಹಿಕ್ಕೆ, ಹೀಗೆ ಸಿಕ್ಕಿದ್ದನ್ನೆಲ್ಲ ಜೇಡರ ಬಲೆಯ ನೂಲಿನಿಂದ ಬಿಗಿದು, ಬದಿಯಲ್ಲಿ ಬಾಗಿಲು ಬಿಟ್ಟು, ಬಾಗಿಲ ಮೇಲೆ ಮಳೆ ಬಿಸಿಲು ತಾಗದಂತೆ ಸಣ್ಣದೊಂದು ಚಾಚು ಇಳಿಸಿತ್ತು. ಒಳಗೆ ಹಾಸಿದ್ದು ಹತ್ತಿ. ಆ ಗೂಡಿಗೆ ಬೇಕಾದ ಜೇಡರ ಬಲೆ ನಮ್ಮ ಮನೆಯ ಸೂರಿನ ಕೆಳಗಿನದ್ದು. ಅಂದಿನಿಂದ ಹೊರಗೋಡೆಯ ಬಲೆಗಳನ್ನು ತೆಗೆಯುವುದನ್ನು ನಿಲ್ಲಿಸಿದ್ದೇನೆ, ಮರಿಗಳು ಹಾರುವವರೆಗೆ ಬಟ್ಟೆಯನ್ನು ಮಾಳಿಗೆಯ ಮೇಲೆ ಹಾಕಿದೆವು. ಬೇಸಿಗೆಯಲ್ಲಿ ನೆರಳಿರುವ ಕಡೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಡುವುದು ಈ ಊರಿನಲ್ಲಿ ಮೊದಲಿನಿಂದಲೂ ಇರುವ ಒಳ್ಳೆಯ ಪದ್ಧತಿ. ಸೊಳ್ಳೆ ಮರಿ ಮಾಡದಂತೆ ನೀರನ್ನು ದಿನಕ್ಕೊಮ್ಮೆ ಚೆಲ್ಲಿ ಬದಲಿಸಬೇಕು.

ಮಣ್ಣು ಬಿಟ್ಟರೆ ಹಾವು ಬರುತ್ತದೆ ಎಂಬ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾಗರ, ಕೊಳಕುಮಂಡಲ, ಕಟ್ಟುಹಾವು ನಮ್ಮ ಭಾಗದಲ್ಲಿ ಇರುವುದು ನಿಜ. ಆದರೆ ಹಾವು ಬರುವುದು ಇಲಿಯನ್ನು ಹುಡುಕಿಕೊಂಡು, ಇಲಿ ಬರುವುದು ಕಸದ ರಾಶಿಗೆ ಮತ್ತು ಕಾಳಿನ ಚೀಲಕ್ಕೆ. ಬಾಗಿಲ ಬಳಿ ಕಲ್ಲು, ಕಟ್ಟಿಗೆ, ಇಟ್ಟಿಗೆ ಪೇರಿಸದಿರುವುದು, ರಾತ್ರಿ ಬ್ಯಾಟರಿ ಇಲ್ಲದೆ ಹಿತ್ತಿಲಿಗೆ ಇಳಿಯದಿರುವುದು, ಕಡಿತವಾದರೆ ಕಟ್ಟು ಬಿಗಿಯದೆ, ಮಂತ್ರ ಮದ್ದೆಂದು ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಹೋಗುವುದು ಜೀವ ಉಳಿಸುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದು ಸ್ವಾಗತಾರ್ಹ. ನಾಗರವೆಂದು ಬಗೆದು ಜನ ಬಡಿಗೆ ಎತ್ತುವುದು ಬಹಳ ಸಲ ವಿಷವಿಲ್ಲದ ಕೇರೆಯ ಮೇಲೆ. ಕೇರೆ ಸತ್ತರೆ ಓಣಿಯ ಇಲಿಗಳನ್ನು ಹಿಡಿಯುವವರಿಲ್ಲ. ಹಾವನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

ವನ್ಯಜೀವಿ ಎಂದಾಕ್ಷಣ ನಮಗೆ 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ, ಬೀದರಿನ ಹೊಲಗಳ ಕೃಷ್ಣಮೃಗ, ಸುರಪುರದ ಬಳಿಯ ಬೋನಾಳ ಪಕ್ಷಿಧಾಮ ನೆನಪಾಗುತ್ತವೆ. ಅವು ಉಳಿಯಲೇಬೇಕು. ಅವುಗಳಿಗಾಗಿ ಮಾತನಾಡುವವರು ಮನೆಯ ಹಿಂದಿನ ನೆಲದ ಪರವಾಗಿಯೂ ಮಾತನಾಡಬೇಕು.

ಕಲ್ಲು ಹಾಸಲೇಬೇಕು ಎನ್ನುವವರಿಗೆ ಒಂದು ಸೂಚನೆ. ನಮ್ಮದೇ ಶಹಾಬಾದ ಕಲ್ಲನ್ನು ಈ ಊರಿನ ಹಳೆಯ ಮನೆಗಳ ಅಂಗಳದಲ್ಲಿ ಮಣ್ಣಿನ ಮೇಲೆಯೇ ಕೂರಿಸಿ, ಸಂದಿಗಳಿಗೆ ಸಿಮೆಂಟ್ ತುಂಬದೆ ಬಿಟ್ಟಿರುವುದನ್ನು ಕಂಡಿದ್ದೇನೆ. ಸಂದಿಯಲ್ಲಿ ಮಳೆನೀರು ಇಂಗುತ್ತದೆ, ಕರಿಕೆ ಹುಲ್ಲು ಬೆಳೆಯುತ್ತದೆ, ಅಂಗಳವೂ ಕೆಸರಾಗುವುದಿಲ್ಲ. ಗಾರೆಯ ಮೇಲೆ ಗಾರೆ ಬಳಿಯುವ ಈಗಿನ ಕ್ರಮಕ್ಕಿಂತ ಇದು ಅಗ್ಗ, ಸಂಜೆ ಬೇಗ ತಂಪಾಗುತ್ತದೆ ಕೂಡ.

ಕೊನೆಯದಾಗಿ, ಮುಂದಿನ ವಾರಗಳಲ್ಲಿ ಸಸಿ ಹಂಚಲಿರುವ ಇಲಾಖೆಗಳಲ್ಲಿ, ಸಂಘಸಂಸ್ಥೆಗಳಲ್ಲಿ ಮತ್ತು ಶಾಲೆಗಳಲ್ಲಿ ನನ್ನ ಕೋರಿಕೆ ಇದು. ಬೇಗ ಹಸಿರಾಗುತ್ತದೆ ಎಂಬ ಒಂದೇ ಕಾರಣಕ್ಕೆ ಕೊನೊಕಾರ್ಪಸ್ ಎಂಬ ವಿದೇಶಿ ಅಲಂಕಾರಿಕ ಗಿಡವನ್ನು ಹಂಚಬೇಡಿ. ಗುಜರಾತ್ ಸರ್ಕಾರ 2023ರಲ್ಲಿಯೇ ಅದನ್ನು ನೆಡುವುದನ್ನು ನಿಷೇಧಿಸಿದೆ. ಬೇವು, ಹುಲಗಲ (ಹೊಂಗೆ), ಹುಣಸೆ, ಅತ್ತಿ, ನೇರಳೆ, ಬಿಲ್ವ, ಸೀತಾಫಲ ಈ ನೆಲದ ಬಿಸಿಲನ್ನೂ ಎರೆಮಣ್ಣನ್ನೂ ಬಲ್ಲ ಗಿಡಗಳು. ಸಣ್ಣ ಅಂಗಳಕ್ಕೆ ಸೀತಾಫಲ, ಬಿಲ್ವ, ಕರಿಬೇವು, ರಸ್ತೆಬದಿಗೆ ಬೇವು ಮತ್ತು ಹುಲಗಲ ಕೊಡಬಹುದು. ಸಸಿಯೊಂದಿಗೆ ಗಿಡದ ಹೆಸರು, ಅದಕ್ಕೆ ಬರುವ ಹಕ್ಕಿ ಮತ್ತು ಚಿಟ್ಟೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಹೊಸದಾಗಿ ಬಂದವರಿಗೆ ದೊಡ್ಡ ಉಪಕಾರವಾಗುತ್ತದೆ. ಉದುರಿದ ಎಲೆಗಳನ್ನು ರಸ್ತೆಬದಿಯಲ್ಲಿ ಸುಡುವುದನ್ನು ನಿಲ್ಲಿಸಿ, ಪ್ರತಿ ಉದ್ಯಾನದ ಒಂದು ಮೂಲೆಯಲ್ಲಿ ಎಲೆಗೊಬ್ಬರದ ಗುಂಡಿ ತೆಗೆಯಿಸಬೇಕೆಂದೂ, ಹೊಸ ಬಡಾವಣೆಗಳಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಪೂರ್ತಿ ಟೈಲ್ಸ್‌ನಿಂದ ಮುಚ್ಚದೆ ಅರ್ಧದಷ್ಟಾದರೂ ಮಣ್ಣಾಗಿ ಉಳಿಸಬೇಕೆಂದೂ ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗಳು,
ಸೇಡಂ ರಸ್ತೆ, ಕಲಬುರಗಿ