ಒಂದೇ ಕ್ಲೇಮಿಗೆ ದುಪ್ಪಟ್ಟಾಗುವ ಸಣ್ಣ ಘಟಕಗಳ ಆರೋಗ್ಯ ವಿಮೆ

ಮಾನ್ಯ ಸಂಪಾದಕರೇ,

ಪೀಣ್ಯದಲ್ಲಿ 22 ಮಂದಿ ದುಡಿಯುವ ಯಂತ್ರಭಾಗಗಳ ವರ್ಕ್‌ಶಾಪ್ ನಡೆಸುತ್ತಿರುವ ನಾನು, ನಮ್ಮಂಥ ಸಣ್ಣ ಘಟಕಗಳ ನೌಕರರ ಆರೋಗ್ಯ ವಿಮೆಯ ವಿಚಾರದಲ್ಲಿ ಸರ್ಕಾರ ಮತ್ತು ವಿಮಾ ನಿಯಂತ್ರಣ ಪ್ರಾಧಿಕಾರ ಕಾಣದೆ ಬಿಟ್ಟಿರುವ ಒಂದು ಸಂಗತಿಯನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಬಯಸುತ್ತೇನೆ.

ನಮ್ಮವರಲ್ಲಿ 13 ಮಂದಿ ನೌಕರರ ರಾಜ್ಯ ವಿಮಾ ಯೋಜನೆಯ, ಅಂದರೆ ಇಎಸ್‌ಐ ವ್ಯಾಪ್ತಿಯಲ್ಲಿದ್ದಾರೆ. ಮಾಲೀಕರ ಪಾಲು ಶೇ 3.25, ನೌಕರರದು ಶೇ 0.75, 20,000 ರೂಪಾಯಿ ಸಂಬಳಕ್ಕೆ ತಿಂಗಳಿಗೆ ಒಟ್ಟು 800 ರೂಪಾಯಿ ಕಟ್ಟಿದರೆ ಇಡೀ ಕುಟುಂಬದ ಚಿಕಿತ್ಸೆಗೆ ಆಸರೆ ಸಿಗುತ್ತದೆ. ಆಸ್ಪತ್ರೆಯ ಸರತಿ ಸಾಲಿನ ಬಗ್ಗೆ ಗೊಣಗುವವರೂ ಆ ಕಾರ್ಡು ಬಿಟ್ಟುಕೊಡಲು ಒಪ್ಪುವುದಿಲ್ಲ. ಆದರೆ ಇದಕ್ಕೆ ಅರ್ಹರಾಗಲು ಇರುವ ವೇತನ ಮಿತಿಯನ್ನು 2017ರ ಜನವರಿಯಲ್ಲಿ 15,000ದಿಂದ 21,000 ರೂಪಾಯಿಗೆ ಏರಿಸಿದ ಮೇಲೆ, ತುಟ್ಟಿಭತ್ಯೆ ಏಪ್ರಿಲ್‌ನಿಂದ ಏಪ್ರಿಲ್‌ಗೆ ಏರುತ್ತಾ ಬಂದರೂ ಮಿತಿ ಮಾತ್ರ ವರ್ಷಗಟ್ಟಲೆ ಕದಲಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಟರ್ನರ್ ಒಬ್ಬರಿಗೆ 1,200 ರೂಪಾಯಿ ಹೆಚ್ಚಿಸಲು ಹೊರಟಾಗ, 'ಬೇಡ ಸಾರ್, ಇಎಸ್‌ಐ ಹೋಗುತ್ತೆ, ಮನೆಯಲ್ಲಿ ಅವಳಿಗೆ ಶುಗರ್ ಇದೆ' ಎಂದು ಕೈಮುಗಿದರು. ಸಂಬಳ ಹೆಚ್ಚಿಸಬೇಡಿ ಎಂದು ಕೇಳಿಕೊಂಡ ನೌಕರನನ್ನು ನಾನು ಕಂಡಿದ್ದು ಅದೇ ಮೊದಲು.

ಮಿತಿ ದಾಟಿದ 9 ಮಂದಿಗೆ ನಾವು ಗುಂಪು ವಿಮೆ ಮಾಡಿಸಿದ್ದೇವೆ. ಲಾಕ್‌ಡೌನ್ ಕಾಲದಲ್ಲಿ, 2020ರ ಏಪ್ರಿಲ್ 15ರಂದು, ಕೆಲಸ ಪುನರಾರಂಭಿಸುವ ಘಟಕಗಳು ಕಾರ್ಮಿಕರಿಗೆ ವೈದ್ಯಕೀಯ ವಿಮೆ ಕಡ್ಡಾಯವಾಗಿ ಮಾಡಿಸಬೇಕೆಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿದಾಗ ಶುರುವಾದ ಪಾಲಿಸಿ ಅದು. ಆ ಆದೇಶದ ಕಾಲ ಮುಗಿದರೂ ನಾವು ಪಾಲಿಸಿಯನ್ನು ಬಿಡಲಿಲ್ಲ. ಕಳೆದ ವರ್ಷ ಅವರಲ್ಲೊಬ್ಬರಿಗೆ ಹೃದಯದಲ್ಲಿ ಸ್ಟೆಂಟ್ ಹಾಕಬೇಕಾಯಿತು. 2,40,000 ರೂಪಾಯಿಯ ಬಿಲ್ಲನ್ನು ವಿಮಾ ಕಂಪನಿ ತಕರಾರಿಲ್ಲದೆ ತುಂಬಿತು. ತಕರಾರು ಬಂದದ್ದು ನವೀಕರಣದ ಹೊತ್ತಿಗೆ. 1,28,000 ರೂಪಾಯಿಯಿದ್ದ ಪ್ರೀಮಿಯಂ 2,55,000ಕ್ಕೆ ಹಾರಿತ್ತು. ಏಕೆಂದು ಕೇಳಿದರೆ 'ಕ್ಲೇಮ್ ರೇಶಿಯೋ', ಅಂದರೆ ಕಟ್ಟಿದ ಪ್ರೀಮಿಯಂಗೆ ಹೋಲಿಸಿದರೆ ಕೊಟ್ಟ ಕ್ಲೇಮ್ ಹೆಚ್ಚು, ಎಂಬ ಒಂದೇ ಉತ್ತರ. ಕಡೆಗೆ ಏಜೆಂಟ್ ದನಿ ತಗ್ಗಿಸಿ, ಪಟ್ಟಿಯಿಂದ ಆ ಒಂದು ಹೆಸರು ಕೈಬಿಟ್ಟರೆ ದರ ಇಳಿಸಿಕೊಡಬಹುದು ಎಂದರು. ನಾನು ಒಪ್ಪಲಿಲ್ಲ, ಒಪ್ಪಿದವರು ಈ ಕೈಗಾರಿಕಾ ಪ್ರದೇಶದಲ್ಲಿ ಇಲ್ಲವೆಂದು ಹೇಳಲಾರೆ.

ಇದೇ ಮನುಷ್ಯ ತನ್ನ ಹೆಸರಿನಲ್ಲಿ ವೈಯಕ್ತಿಕ ಪಾಲಿಸಿ ಮಾಡಿಸಿದ್ದರೆ, ಹಿಂದಿನ ವರ್ಷ ಕ್ಲೇಮ್ ಮಾಡಿದ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ, ಆತನೊಬ್ಬನ ಕ್ಲೇಮ್ ನೋಡಿ ದರ ಏರಿಸುವಂತೆಯೂ ಇಲ್ಲ ಎಂಬ ಪ್ರಾಧಿಕಾರದ ನಿಯಮಗಳು ಅವನನ್ನು ಕಾಯುತ್ತಿದ್ದವು. ಹಿರಿಯ ನಾಗರಿಕರ ಪಾಲಿಸಿಗಳಿಗೆ ಪೂರ್ವಾನುಮತಿಯಿಲ್ಲದೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದೆಂದು 2025ರ ಜನವರಿಯಲ್ಲಿ ಕಡಿವಾಣ ಹಾಕಲಾಯಿತು. ಗುಂಪು ವಿಮೆಗೆ ಮಾತ್ರ ಇಂಥ ಕಡಿವಾಣವಿಲ್ಲ. ಅದನ್ನು ವಿಮಾ ಕಂಪನಿ ಮತ್ತು ಮಾಲೀಕರ ನಡುವಿನ ಚೌಕಾಸಿಗೆ ಬಿಡಲಾಗಿದೆ. ಐದು ಸಾವಿರ ನೌಕರರ ಸಾಫ್ಟ್‌ವೇರ್ ಕಂಪನಿ ಚೌಕಾಸಿ ಮಾಡಬಲ್ಲದು, ಅಲ್ಲಿ ಒಂದು ಸ್ಟೆಂಟ್ ಲೆಕ್ಕಕ್ಕೇ ಸಿಗದು. 9 ಮಂದಿಯ ಗುಂಪಿನಲ್ಲಿ ಒಂದು ಹೃದಯಾಘಾತವೇ ಇಡೀ ವರ್ಷದ ಲೆಕ್ಕ.

ತೆರಿಗೆಯಲ್ಲೂ ಇದೇ ತಾರತಮ್ಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಗುಂಪು ವಿಮೆಗೆ ಶೇ 18 ಹಾಗೆಯೇ ಉಳಿಯಿತು. ಇಂಥ ವಿಮೆಯನ್ನು ಕಾನೂನು ಕಡ್ಡಾಯ ಮಾಡಿಲ್ಲವಾದ್ದರಿಂದ ಅದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ) ಕೂಡ ದೊರೆಯುವುದಿಲ್ಲ. ನಮ್ಮ 2,55,000ಕ್ಕೆ 45,900 ಸೇರಿ ಮೊತ್ತ ಮೂರು ಲಕ್ಷ ದಾಟಿತು. ಬಿಲ್ಲಿನ ಶೇ 20ನ್ನು ನೌಕರರೇ ಭರಿಸುವ ಕೋ-ಪೇಗೆ ಒಪ್ಪಿ, ನೌಕರರ ತಂದೆ-ತಾಯಿಯರನ್ನು ಪಟ್ಟಿಯಿಂದ ತೆಗೆದು, ಹೇಗೋ ನವೀಕರಿಸಿಕೊಂಡೆವು.

2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಡಿ, 10ಕ್ಕಿಂತ ಕಡಿಮೆ ನೌಕರರಿರುವ ಘಟಕಗಳೂ ಪರಸ್ಪರ ಒಪ್ಪಿಗೆಯಿಂದ ಇಎಸ್‌ಐ ಸೇರಬಹುದು. ಒಳ್ಳೆಯದೇ, ಆದರೆ ವೇತನ ಮಿತಿಯ ಆಚೆ ನಿಂತವರಿಗೆ ಇದರಿಂದ ಉಪಯೋಗವಿಲ್ಲ.

ಅಮೆರಿಕದಲ್ಲಿ 2014ರಿಂದ ಸಣ್ಣ ಸಂಸ್ಥೆಗಳ ವಿಮೆಗೆ ನೌಕರರ ಕಾಯಿಲೆಯ ಚರಿತ್ರೆ ನೋಡಿ ದರ ಕಟ್ಟುವುದನ್ನು ಕಾನೂನೇ ತಡೆದಿದೆ. ಅಲ್ಲಿನ ವಿಮಾ ವ್ಯವಸ್ಥೆ ನಮಗೆ ಮಾದರಿಯೇನಲ್ಲ, ಆದರೆ ಈ ಒಂದು ನಿಯಮ ತರಬಹುದಾದದ್ದು. ನೂರಕ್ಕಿಂತ ಕಡಿಮೆ ಜನರಿರುವ ಗುಂಪುಗಳನ್ನೆಲ್ಲ ಪ್ರತಿ ವಿಮಾ ಕಂಪನಿಯೂ ಒಂದೇ ಗುಂಪಾಗಿ ಪರಿಗಣಿಸಿ ದರ ನಿಗದಿ ಮಾಡಲಿ, ಕ್ಲೇಮ್ ಮಾಡಿದವರ ಹೆಸರನ್ನು ನವೀಕರಣದ ವೇಳೆ ಬಿಡಿಸುವುದನ್ನು ಪ್ರಾಧಿಕಾರ ನಿಷೇಧಿಸಲಿ, ಜಿಎಸ್‌ಟಿ ಮಂಡಳಿ ಈ ಸಣ್ಣ ಗುಂಪುಗಳಿಗೂ ವಿನಾಯಿತಿ ಕೊಡಲಿ. ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾದಂಥ ನಮ್ಮ ಸಂಘಟನೆಗಳು ವಿದ್ಯುತ್ ದರಕ್ಕೆ ಎತ್ತುವಷ್ಟೇ ದನಿಯನ್ನು ಇದಕ್ಕೂ ಎತ್ತಬೇಕು. ನಮ್ಮ ಪಾಲಿಸಿಯ ಮುಂದಿನ ನವೀಕರಣ ಮಾರ್ಚ್ ಕೊನೆಗೆ ಬರುತ್ತದೆ.

– ಸಣ್ಣ ಕೈಗಾರಿಕೆಯ ಮಾಲೀಕ, ಪೀಣ್ಯ, ಬೆಂಗಳೂರು